ಕಲ್ಲಿನೊಳಗೆ ಇಂಗಿದೆ

ಮೊದಲು ದಾರ ಬಾವಿಕಟ್ಟೆಯ ಕಲ್ಲಿಗೆ ಉಜ್ಜುವ ಸರಸರ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಕೆಳಗೆ ಕತ್ತಲಲ್ಲಿ ಬಾಟಲಿ ಇಳಿಯುತ್ತಿದೆ ಎಂದು ನಾವೇ ಊಹಿಸಿಕೊಳ್ಳಬೇಕು. ಆಗ ಮೇಷ್ಟ್ರು ಎರಡನೆಯ ದಾರವನ್ನು ಥಟ್ಟನೆ ಜಗ್ಗುತ್ತಿದ್ದರು. ನೀರಿನ ಆಳದಲ್ಲೆಲ್ಲೋ ಬಾಟಲಿಯ ಬಿರಡೆ ಕಳಚಿಕೊಳ್ಳುತ್ತಿತ್ತು, ಅದರ ಹಿಂದೆಯೇ ಗುಳುಗುಳು ಎಂದು ಗುಳ್ಳೆಗಳು ಮೇಲೆ ಬಂದು ಒಡೆಯುತ್ತಿದ್ದವು. ಬಾವಿ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟಂಥ ಸದ್ದು. ಈಗಲೂ ಯಾರಾದರೂ ನೀರಿನ ಫ್ಲಾಸ್ಕನ್ನು ಬಗ್ಗಿಸಿ ತುಂಬಿದರೆ ನಾನು ಬೊಂಬಾಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನ ಹಿತ್ತಲಿಗೆ ಹೋಗಿಬಿಡುತ್ತೇನೆ.

ಆ ಬಾವಿ ಈಗಿಲ್ಲ. ಬಿಲ್ಡಿಂಗೂ ಇಲ್ಲ, ಅಲ್ಲಿ ಟವರ್ ಎದ್ದಿದೆ, ಅದರ ಬುಡದಲ್ಲಿ ನೀಲಿ ಟೈಲ್ಸಿನ ಸ್ವಿಮ್ಮಿಂಗ್ ಪೂಲ್ ಇದೆಯಂತೆ. ಮೇಷ್ಟ್ರೂ ಇಲ್ಲವೆಂದು ಮಾಟುಂಗದ ಕನ್ನಡ ಸಂಘದ ಮಾಸಪತ್ರಿಕೆಯಿಂದ ತಿಳಿಯಿತು. ಕೊನೆಯ ಪುಟದಲ್ಲಿ, ಕೇಟರಿಂಗ್ ಜಾಹೀರಾತಿನ ಕೆಳಗೆ, ಕೆಲವೇ ಸಾಲು. ಭೂವಿಜ್ಞಾನದ ಜನಪ್ರಿಯ ಅಧ್ಯಾಪಕರಾಗಿದ್ದರು ಎಂದು ಬರೆದಿದ್ದರು. ಜನಪ್ರಿಯ ಎನ್ನುವುದನ್ನು ಓದಿ ನನಗೆ ನಗು ಬಂತು. ನಮ್ಮ ಬಿಲ್ಡಿಂಗಿನಲ್ಲಿ ಒಂದು ಬೇಸಿಗೆ ಎಷ್ಟೋ ದಿನ ಅವರಿಗೆ ಯಾರೂ ಮುಖ ಕೊಟ್ಟು ಮಾತಾಡಿರಲಿಲ್ಲ. ಆ ಬೇಸಿಗೆಯ ಕಾರಣಕ್ಕೇ ನಾನು ಅವರನ್ನು ಮರೆತಿಲ್ಲ.

ಅವರು ಗ್ರೌಂಡ್ ಫ್ಲೋರಿನಲ್ಲಿದ್ದರು, ನಾವು ಅದರ ಮೇಲೆ. ಮೈಸೂರಿನ ಕಡೆಯವರು. ಉದ್ದಕ್ಕೆ, ತೆಳ್ಳಗೆ, ಮಡಿಸಿ ಇಡುವ ಕೊಡೆಯ ಹಾಗೆ. ಸಂಜೆ ಲೋಕಲ್ ಇಳಿದು ಬರುವಾಗ ಹೆಗಲ ಚೀಲದಲ್ಲಿ ಮಾಟುಂಗ ಮಾರ್ಕೆಟಿನ ಕೊತ್ತಂಬರಿ ಸೊಪ್ಪೂ ಕಲ್ಲೊಡೆಯುವ ಸುತ್ತಿಗೆಯೂ ಒಟ್ಟಿಗೆ ಇರುತ್ತಿದ್ದವು. ರಸ್ತೆ ಅಗೆದಲ್ಲಿ ನಿಲ್ಲುತ್ತಿದ್ದರು. ಒಂದು ಚೂರು ಕಲ್ಲೆತ್ತಿ, ಪಂಚೆಯ ತುದಿಗೆ ಒರೆಸಿ, ನಾಲಿಗೆಗೆ ಮುಟ್ಟಿಸುತ್ತಿದ್ದರು. ನಮ್ಮ ಅತ್ತೆ ಬಾಲ್ಕನಿಯಿಂದ ನೋಡಿ, “ಅಯ್ಯೋ, ಬಂತು ನೋಡು ಹಲ್ಲಿ, ಗೋಡೆ ನೆಕ್ಕಿಕೊಂಡು” ಎನ್ನುತ್ತಿದ್ದರು. ಕೇಳಿಸಿದರೂ ಮೇಷ್ಟ್ರು ಕೈ ಮುಗಿಯುತ್ತಿದ್ದರು.

ಒಮ್ಮೆ ನನ್ನ ಕೈಗೂ ಒಂದು ಹಳದಿ ಚೂರು ಕೊಟ್ಟು, “ನಾಲಿಗೆಗೆ ಇಡಿ” ಎಂದರು. ಐ ವಾಸ್ ಹಾರಿಫೈಡ್. ಆದರೂ ಇಟ್ಟೆ. ಕಲ್ಲು ನಾಲಿಗೆಗೆ ಅಂಟಿಕೊಂಡಿತು, ಕೀಳಬೇಕಾಯಿತು.

“ಬಾಯಾರಿದೆ ಕಣಮ್ಮ ಅದಕ್ಕೆ. ಒಳಗೆಲ್ಲ ತೂತು, ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೆ. ಗಟ್ಟಿ ಅಂತ ನಾವಂದುಕೊಂಡಿದ್ದೀವಿ.”

ನಾನು ಬಾಂದ್ರಾದ ಕಾನ್ವೆಂಟಿನಲ್ಲಿ ಓದಿದವಳು. ಅಪ್ಪನದು ಧಾರವಾಡದ ಕನ್ನಡ. ಅವರು ಕೇಳಿದ್ದಕ್ಕೆಲ್ಲ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೇ ಬೆಳೆದೆ. ಸಿಸ್ಟರುಗಳು ನಮ್ಮ ಉಚ್ಚಾರವನ್ನು ತಿಕ್ಕಿ ತಿಕ್ಕಿ ತೊಳೆದಿದ್ದರು. ಮದುವೆಯಾಗಿ ಮೈಸೂರಿನವರ ಮನೆಗೆ ಬಂದಾಗ ನನ್ನ ಕನ್ನಡವೆಂದರೆ ಅಡುಗೆಮನೆಯ ಡಬ್ಬಿಗಳ ಹೆಸರು, ನೆಂಟರ ಹೆಸರು, ‘ಹೂಂ’, ‘ಉಹೂಂ’. ಅತ್ತೆ ನನ್ನನ್ನು ‘ನಮ್ಮ ಮೇಡಮ್ಮು’ ಎಂದು ಪರಿಚಯಿಸುತ್ತಿದ್ದರು. ಪ್ರೀತಿಯೋ ಚುಚ್ಚೋ, ಕೊನೆಯವರೆಗೂ ನನಗೆ ತಿಳಿಯಲಿಲ್ಲ.

ಅತ್ತೆಗೆ ಆ ಬಾವಿಯೇ ಎಲ್ಲ. ನಲ್ಲಿಯೊಳಗಿನ ವಾಷರು ಚರ್ಮದ್ದು, ಚರ್ಮ ಮುಟ್ಟಿ ಬಂದ ನೀರು ಮಡಿಗೆ ಬರುವುದಿಲ್ಲ ಎಂದು ಯಾವ ಕಾಲದಲ್ಲೋ ಯಾರೋ ಹೇಳಿದ್ದನ್ನು ಅವರು ಬಿಟ್ಟಿರಲಿಲ್ಲ. ಸ್ನಾನಕ್ಕೆ, ಬಟ್ಟೆಗೆ, ನಮಗೆಲ್ಲ ನಲ್ಲಿ. ದೇವರಿಗೂ ಅವರ ಗಂಟಲಿಗೂ ಬಾವಿ. ಬೆಳಗ್ಗೆ ಒದ್ದೆ ಸೀರೆಯಲ್ಲಿ ಇಳಿದು ಹೋಗಿ ತಾಮ್ರದ ಬಿಂದಿಗೆಯಲ್ಲಿ ತಾವೇ ಸೇದಿ ತರುತ್ತಿದ್ದರು. ನಾನು ತರಲೇ ಎಂದರೆ, “ನೀನು ಶೂಸು ಹಾಕ್ಕೊಂಡು ದೇವರಿಗೆ ನೀರು ತರ್ತೀಯೇನೇ” ಎನ್ನುತ್ತಿದ್ದರು.

ಮೊದಲು ವಾಸನೆ ಹಿಡಿದದ್ದು ಮೇಷ್ಟ್ರು. ಅತ್ತೆಗೆ ನಶ್ಯದ ಅಭ್ಯಾಸ. ಮೂಗು ಎಂದೋ ಮಂಕಾಗಿತ್ತು. ಕೆಲವು ವಾರಗಳಿಂದ ಅವರಿಗೆ ಹೊಟ್ಟೆ ತೊಳಸುತ್ತಿತ್ತು, ತಲೆ ತಿರುಗುತ್ತಿತ್ತು, ವಯಸ್ಸು ಎಂದುಕೊಂಡಿದ್ದೆವು. ಒಂದು ದಿನ ಮೆಟ್ಟಿಲ ಬಳಿ ಅವರ ಬಿಂದಿಗೆ ಪಕ್ಕದಲ್ಲಿ ಹಾದುಹೋದಾಗ ಮೇಷ್ಟ್ರು ನಿಂತುಬಿಟ್ಟರು.

“ಅಮ್ಮಾ, ಒಂದು ನಿಮಿಷ. ಈ ನೀರು ಕುಡೀಬೇಡಿ.”

“ಯಾಕಪ್ಪ, ನಿನ್ನ ಕಲ್ಲಿಗೆ ಬೇಕಿತ್ತಾ?”

ಮೇಷ್ಟ್ರು ಕೈ ಮುಗಿದು ಒಳಗೆ ಹೋದರು. ಮರುದಿನ ಆ ಎರಡು ದಾರದ ಬಾಟಲಿಯೊಂದಿಗೆ ಬಂದರು. ಕಾಫಿ ಕೊಡಲು ಹೋದರೆ ಬೇಡವೆಂದರು. ನೀರನ್ನು ಮೂಸಿ ನೋಡುವ ದಿನ ಅವರು ಕಾಫಿ ಕುಡಿಯುತ್ತಿರಲಿಲ್ಲ, ಸೋಪು ಮುಟ್ಟುತ್ತಿರಲಿಲ್ಲ, ಹೂವಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಅತ್ತೆ ಯಾಕೆಂದು ಕೇಳಿದಾಗ, “ನಿಮಗೆ ಮೈ ಮಡಿ, ನನಗೆ ಮೂಗು ಮಡಿ” ಎಂದರು. ಅತ್ತೆ ಅಂದೇ ಮೊದಲ ಬಾರಿ ಅವರನ್ನು ಹಲ್ಲಿ ಎನ್ನುವುದನ್ನು ಬಿಟ್ಟು ಸರಿಯಾಗಿ ನೋಡಿದರು.

ಬಾಟಲಿ ಮೇಲೆ ಬಂತು. ನನ್ನ ಮೂಗಿಗೂ ಹಿಡಿದರು. ಅತಿಯಾಗಿ ಹಣ್ಣಾದ ಯಾವುದೋ ಹಣ್ಣಿನ ಸಿಹಿ, ಅದರ ಹಿಂದೆ ಆಸ್ಪತ್ರೆ. ನಮ್ಮ ಹಿತ್ತಲ ಗೋಡೆಯಾಚೆ ಡ್ರೈಕ್ಲೀನಿಂಗಿನ ಒಂದು ಸಣ್ಣ ಕಾರ್ಖಾನೆ ಇತ್ತು. ಬಟ್ಟೆ ತೊಳೆದ ಔಷಧಿಯನ್ನು ಅವರು ಎಷ್ಟೋ ವರ್ಷದಿಂದ ಹಿಂದಿನ ಗುಂಡಿಗೆ ಸುರಿಯುತ್ತಿದ್ದರು. ನೆಲ ಕುಡಿದುಬಿಡುತ್ತಿತ್ತು, ಹೋಯಿತು ಎಂದುಕೊಂಡಿದ್ದರು. ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಿರಲಿಲ್ಲ. ಆ ಕಾಲದಲ್ಲಿ ಯಾರು ಕೇಳುತ್ತಿದ್ದರು? ರಾತ್ರಿಯಿಡೀ ರಿಫೈನರಿಯ ಬೆಂಕಿ ಉರಿಯುವ ಊರಿನಲ್ಲಿ ಒಂದು ಬಕೆಟ್ ಔಷಧಿ ಏನು ಮಹಾ.

ಕಾರ್ಖಾನೆಯ ಸೇಠ್ ಸಿಂಧಿ, ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದವರು. ಬಂದು, ಬಾಟಲಿ ಮೂಸಿ, ಮುಖ ಸಣ್ಣ ಮಾಡಿಕೊಂಡರು. “ಮೇರಾ ಹೀ ಹೈ”, ನನ್ನದೇ, ಎಂದರು. ಗುಂಡಿ ಮುಚ್ಚಿಸಿದರು, ಡ್ರಮ್ಮು ತರಿಸಿದರು, ಬಾವಿ ಬತ್ತಿಸಲು ಪಂಪನ್ನೂ ತಾವೇ ತಂದು ನಿಲ್ಲಿಸಿದರು. ಅತ್ತೆಗೆ ದಿನಾ ಎಳನೀರು ಕಳಿಸುತ್ತಿದ್ದರು. ಅತ್ತೆ ಅದನ್ನೇ ಕುಡಿದುಕೊಂಡು ಕೂತರು. ನಲ್ಲಿ ನೀರು ಮಾತ್ರ ಸುತರಾಂ ಇಲ್ಲ. ಏಪ್ರಿಲ್ ತಿಂಗಳ ಬೊಂಬಾಯಿಯಲ್ಲಿ, ಎರಡು ಎಳನೀರು, ಒಂದಿಷ್ಟು ಮಜ್ಜಿಗೆ; ಅದೂ ಬಾವಿ ನೀರಿಲ್ಲದ ಮೇಲೆ ಗಟ್ಟಿ ಮೊಸರು. ತುಟಿ ಒಡೆಯಿತು. ಬಳೆ ಮೊಣಕೈವರೆಗೆ ಜಾರತೊಡಗಿತು. ನಮ್ಮ ಮನೆಯವರು ತಾಯಿಯ ಕಾಲು ಹಿಡಿದು ಬೇಡಿದರು. “ಬಾವಿ ಸರಿಹೋಗಲಿ, ಕುಡೀತೀನಿ. ಅಲ್ಲೀವರೆಗೆ ಸಾಯಲ್ಲ, ಹೋಗೋ” ಎಂದರು. ಡಾಕ್ಟರು ಹೊರಗೆ ಬಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ್ದು ಬೇರೆ.

ಬಾವಿ ಬತ್ತಿಸಿದ ದಿನ ಎಲ್ಲರೂ ಕಟ್ಟೆಯ ಸುತ್ತ ನಿಂತಿದ್ದೆವು. ಮೇಷ್ಟ್ರು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಕಬ್ಬಿಣದ ಮೆಟ್ಟಿಲು ಹಿಡಿದು ಕೆಳಗಿಳಿದರು. ಸ್ವಲ್ಪ ಹೊತ್ತು ಸುತ್ತಿಗೆಯ ಟಕ್ ಟಕ್ ಮಾತ್ರ. ಅತ್ತೆಗೆ ಕುರ್ಚಿ ಹಾಕಿದ್ದೆವು. ಅವರು ಬಗ್ಗಿ ಕೂಗಿದರು:

“ಏನಪ್ಪಾ, ಎಲ್ಲಾ ಹೋಯ್ತಾ?”

ಕೆಳಗಿನಿಂದ ಗುಂಯ್ಗುಡುವ ದನಿ ಬಂತು. “ನೀರಲ್ಲಿದ್ದದ್ದು ಹೋಗಿದೆಯಮ್ಮ. ಕಲ್ಲಿನೊಳಗೆ ಇಂಗಿದೆ.”

ಸೇಠ್ ನನ್ನ ಕಡೆ ತಿರುಗಿದರು. “ಪ್ರೊಫೆಸರ್ ಸಾಬ್ ಕ್ಯಾ ಬೋಲೇ?”

ನನಗೆ ಹುಮ್ಮಸ್ಸು. ಅಷ್ಟೂ ಜನರ ನಡುವೆ ಕನ್ನಡ ಅರ್ಥವಾಗಿ ಅನುವಾದ ಮಾಡುವ ಭಾಗ್ಯ ಎಂದೂ ಬಂದಿರಲಿಲ್ಲ. “ಬೋಲ್ತೇ ಹೈಂ, ಪಾನಿ ಸಾಫ್ ಹೈ,” ಎಂದೆ, “ಲೇಕಿನ್ ಪತ್ಥರ್ ಕೇ ಅಂದರ್ ಹೀಂಗ್ ಹೈ.”

ಸೇಠ್ ಬಾವಿಯೊಳಗೆ ಬಗ್ಗಿ ನೋಡಿದರು.

“ಹೀಂಗ್?” ಸೇಠ್ ಎದೆ ಮುಟ್ಟಿಕೊಂಡರು. “ಅರೇ ಭಾಭೀ, ಮೈಂ ಕಪಡಾ ಧೋತಾ ಹೂಂ, ದಾಲ್ ಥೋಡೀ ಬಘಾರ್ತಾ ಹೂಂ.” ನಾನು ಬಟ್ಟೆ ಒಗೆಯುವವನು, ಬೇಳೆಗೆ ಒಗ್ಗರಣೆ ಹಾಕುವವನೇ, ಎಂದು.

ಅತ್ತೆ ನಕ್ಕ ನಗುವಿಗೆ ಕುರ್ಚಿ ಅಲುಗಿತು. ಎಷ್ಟೋ ದಿನದ ಮೇಲೆ ನಕ್ಕಿದ್ದರು. “ಇಂಗು ಅಂದ್ರೆ ಸಾರಿಗೆ ಹಾಕೋದು ಒಂದೇನೇನೇ, ನಮ್ಮ ಮೇಡಮ್ಮು? ನೀರು ನೆಲಕ್ಕೆ ಇಂಗಲ್ವೇನೇ? ಒಳಗೆ ಇಳಿದು ಸೇರ್ಕೊಳ್ಳೋದು!”

ಗೊತ್ತಿರಲಿಲ್ಲ. ಅಂಥದೊಂದು ಕ್ರಿಯಾಪದ ಇದೆಯೆಂದೇ ಗೊತ್ತಿರಲಿಲ್ಲ. ನನ್ನ ಕನ್ನಡದಲ್ಲಿ ಇಂಗು ಒಲೆಯ ಮೇಲಿನ ಶೆಲ್ಫಿನಲ್ಲಿ, ಮರದ ಡಬ್ಬಿಯಲ್ಲಿತ್ತು.

ಮೇಷ್ಟ್ರು ಮೇಲೆ ಬಂದರು. ಮೊಣಕಾಲವರೆಗೆ ಕೆಸರು. ಯಾಕೆ ನಗು ಎಂದು ಕೇಳಿದರು. ಅತ್ತೆ ಹೇಳಿದರು. ನಾನು ಸೆರಗಿನ ಅಂಚು ನೋಡುತ್ತಾ ನಿಂತೆ. ಅವರು ಮಾತ್ರ ನಗಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿದರು, ಒಳ್ಳೆಯ ಕಲ್ಲು ಸಿಕ್ಕಿದಾಗ ನೋಡುವ ಹಾಗೆ.

“ಹೌದಲ್ಲ,” ಎಂದರು. “ಇಷ್ಟು ವರ್ಷ ಪಾಠ ಹೇಳಿದೀನಿ, ನನಗೆ ಹೊಳೀಲೇ ಇಲ್ಲ. ಅಮ್ಮಾ, ನಿಮ್ಮನೆ ಇಂಗಿನ ಡಬ್ಬಿ ಸ್ವಲ್ಪ ತರ್ತೀರಾ?”

ನಾನು ತಂದುಕೊಟ್ಟೆ. ಅತ್ತೆಯ ತವರಿನ ಡಬ್ಬಿ, ಹಲಸಿನ ಮರದ್ದು. ಮೇಷ್ಟ್ರು ಒಳಗಿನ ಇಂಗನ್ನು ಕಾಗದಕ್ಕೆ ಸುರಿದರು. ಡಬ್ಬಿಯನ್ನು ಸೀಗೆಪುಡಿಯಲ್ಲಿ ತಿಕ್ಕಿ, ಬಿಸಿನೀರು ಹಾಕಿ, ಬಿಸಿಲಲ್ಲಿ ಒಣಗಿಸಿ, ನನ್ನ ಮೂಗಿಗೆ ಹಿಡಿದರು. ಏನೂ ಇರಲಿಲ್ಲ. ಹೊಸ ಮರದ ವಾಸನೆ.

“ಇವತ್ತಿಗೆ ಇಲ್ಲ,” ಎಂದರು. ಮುಚ್ಚಳ ಬಿಗಿಯಾಗಿ ಹಾಕಿ ನನಗೆ ಕೊಟ್ಟರು. “ಮುಂದಿನ ಏಕಾದಶಿವರೆಗೆ ತೆಗೀಬೇಡಿ.”

ಇಷ್ಟರಲ್ಲಿ ಬಾವಿಗೆ ಹೊಸ ನೀರು ಊರತೊಡಗಿತ್ತು. ಎರಡು ದಿನದಲ್ಲಿ ತಿಳಿಯಾಗಿ ನಿಂತಿತು. ಎಲ್ಲರೂ ಮೂಸಿದರು. ಬಿಲ್ಡಿಂಗಿನ ಸೆಕ್ರೆಟರಿ ಮೂಸಿದರು, ಸೇಠ್ ಮೂಸಿದರು, ನಾನೂ ಮೂಸಿದೆ. ಏನೂ ಇಲ್ಲ. ಅತ್ತೆ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟುಕೊಂಡು ಕೂತಿದ್ದರು. ಬಾಕಿ ಇದ್ದದ್ದು ಮೇಷ್ಟ್ರ ಒಂದು ಮಾತು. ಅವರು ಹೂಂ ಎನ್ನದೆ ಅತ್ತೆ ಕುಡಿಯುವವರಲ್ಲ. ಮೂಗು ಮಡಿಯ ಮನುಷ್ಯನ ಮೇಲೆ ಅಷ್ಟು ನಂಬಿಕೆ ಬಂದುಬಿಟ್ಟಿತ್ತು.

ಮೇಷ್ಟ್ರು ಬಾಟಲಿ ಇಳಿಸಿದರು, ಗುಳ್ಳೆ ಒಡೆಯಿತು, ಮೂಸಿದರು. “ಇವತ್ತಿಗೆ ಇಲ್ಲ.”

“ಹಾಗಾದ್ರೆ ಕುಡೀಬಹುದು,” ಎಂದರು ನಮ್ಮ ಮನೆಯವರು.

“ಬೇಡ.”

“ಏನ್ರೀ ಇದು ಮೇಷ್ಟ್ರೇ, ಇಲ್ಲ ಅಂತೀರಿ, ಬೇಡ ಅಂತೀರಿ. ಅಮ್ಮ ಒಣಗಿ ಹೋಗ್ತಿದಾಳೆ. ಕಣ್ಣು ಕಾಣಲ್ವಾ ನಿಮಗೆ?”

“ಕಾಣುತ್ತೆ. ಇನ್ನು ಸ್ವಲ್ಪ ದಿನ ಇರಿ.”

ಸೆಕ್ರೆಟರಿ ಮರಾಠಿಯಲ್ಲಿ, “ಅಹೋ, ಪ್ರೊಫೆಸರಾಂನಾ ಕಾಯ್ ಪಾಹಿಜೇ, ಹಾರ್-ತುರೇ?” ಎಂದು ಗೊಣಗಿದರು. ಹಾರ ತುರಾಯಿ ಹಾಕಿ ಕೇಳಬೇಕೇನು ಇವರನ್ನ, ಎಂದು. ಅಂದಿನಿಂದ ಬಿಲ್ಡಿಂಗಿನವರು ಮೆಟ್ಟಿಲಲ್ಲಿ ಅವರು ಎದುರಾದರೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು. ನಮ್ಮ ಮನೆಯವರು ಒಂದು ಸಂಜೆ ಕೆಳಗಿಳಿದು ಹೋಗಿ ಬೇಡಿಕೊಂಡೇ ಬಿಟ್ಟರು: ಸುಳ್ಳಾದರೂ ಪರವಾಗಿಲ್ಲ, ಒಂದು ಸಲ ಹೂಂ ಅನ್ನಿ. ನಾನು ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಹೇಳಿದ್ದನ್ನು ಅಂದು ಅರ್ಧ ಅರ್ಥ ಮಾಡಿಕೊಂಡೆ, ಉಳಿದರ್ಧ ಈಗ.

“ಯಾವುದೇ ಆಗಲಿ ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಹೋಗುತ್ತೆ ಸ್ವಾಮಿ. ಯಾರೂ ತಳ್ಳಬೇಕಾಗಿಲ್ಲ. ಇಷ್ಟು ವರ್ಷ ನೀರಲ್ಲಿ ಹೆಚ್ಚಿತ್ತು, ಕಲ್ಲಲ್ಲಿ ಇರಲಿಲ್ಲ. ನಿಧಾನಕ್ಕೆ ಕಲ್ಲೊಳಗೆ ಹೋಗಿ ಕೂತಿದೆ. ಈಗ ನಾವು ನೀರು ಬದಲಾಯಿಸಿದೀವಿ. ಈಗ ಕಲ್ಲಲ್ಲಿ ಹೆಚ್ಚು, ನೀರಲ್ಲಿ ಇಲ್ಲ. ಹೇಳಿ, ಅದು ಎಲ್ಲಿಗೆ ಬರಬೇಕು?”

ನಮ್ಮ ಮನೆಯವರು ಎದ್ದು ನಿಂತರು.

“ನಾವು ತೊಳೆದಷ್ಟೂ ಅದು ಹೊರಗೆ ಬರುತ್ತೆ. ನಾವು ಚೊಕ್ಕ ಮಾಡಿದ್ದೇ ಅದಕ್ಕೆ ದಾರಿ.”

ದ್ವೇಷ ಇರಲಿಲ್ಲ ಆ ದನಿಯಲ್ಲಿ, ದುಃಖವೂ ಇರಲಿಲ್ಲ. ಚರ್ಚಿನೊಳಗೆ ಕೆಲವರು ದನಿ ತಗ್ಗಿಸುತ್ತಾರಲ್ಲ, ಹಾಗೆ ಹೇಳಿದರು. ನಮ್ಮ ಕಾಲಡಿಯ ಕತ್ತಲಲ್ಲಿ ಯಾರ ಅಪ್ಪಣೆಗೂ ಕಾಯದೆ, ಯಾರ ಮೇಲೂ ಸಿಟ್ಟಿಲ್ಲದೆ, ಕಣ ಕಣವಾಗಿ ನಡೆಯುತ್ತಿರುವ ಆ ಸಂಚಾರಕ್ಕೆ ಅವರು ತಲೆಬಾಗಿದ್ದರು.  ಕಾನ್ವೆಂಟಿನಲ್ಲಿ ಎಷ್ಟೋ ಪ್ರೇಯರ್ ಮಾಡಿದ್ದೆ. ಭಯಭಕ್ತಿಯ ಬೆರಗಿಗೆ ಅಲ್ಲಿ ಹೇಳುತ್ತಿದ್ದ ‘ಆವ್’ ಎಂಬ ಇಂಗ್ಲಿಷ್ ಪದದ ಅರ್ಥ ಅಂದು ಆ ಗ್ರೌಂಡ್ ಫ್ಲೋರಿನ ಬಾಗಿಲಲ್ಲಿ ಆಯಿತು.

ಏಕಾದಶಿ ಬಂತು. ಅತ್ತೆಯ ಕೋಣೆಯಲ್ಲಿ ಎಲ್ಲ ಸೇರಿದೆವು. ಅವರು ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಡಬ್ಬಿ ತಂದು ಅವರ ಮುಂದಿಟ್ಟೆ. ಮೇಷ್ಟ್ರು ಮುಚ್ಚಳ ತೆಗೆಯಲು ನನಗೇ ಹೇಳಿದರು. ತೆಗೆದೆ. ಮೂಗಿಗೆ ಹಿಡಿಯುವ ಅಗತ್ಯವೇ ಇರಲಿಲ್ಲ. ನಶ್ಯದ ಮೂಗಿನ ಅತ್ತೆಯೂ ಮುಖ ಸಿಂಡರಿಸಿದರು. “ಇದೇನೇ, ಮತ್ತೆ ತುಂಬಿಟ್ಟಿದ್ಯಾ?”

“ಖಾಲಿ ಅತ್ತೆ,” ಎಂದೆ. “ಮರದೊಳಗೆ... ಇಂಗಿದೆ.”

ನಾನು ಸರಿಯಾಗಿ ಬಳಸಿದ ಮೊದಲ ಸಲ ಅದು. ಯಾರೂ ಗಮನಿಸಲಿಲ್ಲ, ಮೇಷ್ಟ್ರು ಗಮನಿಸಿದರು.

ಆಮೇಲೆ ಅವರು ಅಂದು ಬೆಳಗ್ಗೆ ತುಂಬಿಟ್ಟಿದ್ದ ಬಾಟಲಿಯ ಬಿರಡೆ ತೆಗೆದರು. ಹಣ್ಣಿನ ಸಿಹಿ. ಅದರ ಹಿಂದೆ ಆಸ್ಪತ್ರೆ. ಸೇಠ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟರು.

ಅತ್ತೆ ಎಲ್ಲರನ್ನೂ ಬಿಟ್ಟು ಮೇಷ್ಟ್ರನ್ನೇ ನೋಡಿದರು. “ಯಾವಾಗ ಸರಿಹೋಗುತ್ತಪ್ಪ?”

ನಮ್ಮ ಮನೆಯವರು ಅವರ ಬೆನ್ನ ಹಿಂದಿನಿಂದ ಕಣ್ಣಲ್ಲೇ ಬೇಡಿದರು. ಮೇಷ್ಟ್ರು ನೆಲದ ಮೇಲೆ ಕೂತರು, ಅತ್ತೆಯ ಕಣ್ಣಿನ ಮಟ್ಟಕ್ಕೆ.

“ನಿಮ್ಮ ಕಾಲಕ್ಕೆ ಆಗಲ್ಲಮ್ಮ. ನನ್ನ ಕಾಲಕ್ಕೂ ಅನುಮಾನ. ಹೋಗೋಕೆ ಎಷ್ಟು ಹೊತ್ತು ತಗೊಂಡಿತೋ ಅದಕ್ಕಿಂತ ಜಾಸ್ತಿ ಬರೋಕೆ ಬೇಕು.”

 ಇಷ್ಟು ನೇರವಾಗಿ ಆ ಮನೆಯಲ್ಲಿ ಅತ್ತೆಗೆ ಯಾರೂ ಏನೂ ಹೇಳಿದ್ದಿಲ್ಲ. ಅತ್ತೆ ಒಡೆದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು.

“ಆ ನಲ್ಲಿಯಲ್ಲಿ ಚರ್ಮ ಇರೋದು ನಿಜವಾ? ನೀನು ನೋಡಿ ಹೇಳು. ಇವರು ಹೇಳೋದು ಬೇಡ.”

ಮೇಷ್ಟ್ರು ಅಡುಗೆಮನೆಗೆ ಹೋದರು. ಮೇಲಿನ ವಾಲ್ವು ಮುಚ್ಚಿ, ಪಾನಾ ಹಿಡಿದು ನಲ್ಲಿ ಬಿಚ್ಚಿದರು. ಒಳಗಿನ ಕಪ್ಪು ಬಿಲ್ಲೆಯನ್ನು ತೆಗೆದು, ತೊಳೆದು, ಮೂಸಿ, ಬಗ್ಗಿಸಿ, ನಾಲಿಗೆಗೂ ಮುಟ್ಟಿಸಿದರು. ಅಂಗೈಯಲ್ಲಿಟ್ಟುಕೊಂಡು ತಂದು ತೋರಿಸಿದರು.

“ರಬ್ಬರ್ರು. ಚರ್ಮ ಅಲ್ಲ.” ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾವೆಲ್ಲ ಉಸಿರು ಬಿಟ್ಟಿದ್ದೆವು. ಅವರು ಮತ್ತೆ ಬಾಯಿ ತೆರೆದರು. “ಈ ಮನೆ ನಲ್ಲಿ ಮಾತ್ರ ಹೇಳ್ತಿದೀನಿ ಅಮ್ಮ. ರಸ್ತೆ ಕೆಳಗಿನ ಪೈಪು, ನೀರು ಬರೋ ಕೆರೆ ಹತ್ತಿರದ್ದು, ಅಲ್ಲೆಲ್ಲ ಏನಿದೆಯೋ ನಾನು ನೋಡಿಲ್ಲ.”

ನಮ್ಮ ಮನೆಯವರು ಹಣೆಗೆ ಕೈ ಹಚ್ಚಿದರು. ಅತ್ತೆ ಮಾತ್ರ, ನಾನು ಅದುವರೆಗೆ ನೋಡಿರದ ಒಂದು ಬಗೆಯಲ್ಲಿ, ಮೆಲ್ಲಗೆ ನಕ್ಕರು.

“ನೋಡದೇ ಇದ್ದದ್ದನ್ನ ನೋಡಿಲ್ಲ ಅಂದ್ಯಲ್ಲ. ಸಾಕು. ತಾರೇ ಮೇಡಮ್ಮು, ಒಂದು ಲೋಟ ನೀರು ತಾ. ಶೂಸು ಹಾಕ್ಕೊಂಡಾದ್ರೂ ತಾ.”

ನಲ್ಲಿ ಬಿಚ್ಚಿಯೇ ಇತ್ತು. ಮೇಷ್ಟ್ರು ಓಡಿಹೋಗಿ ಮತ್ತೆ ಜೋಡಿಸುವವರೆಗೆ ಅತ್ತೆ ಕಾದರು. ಆಮೇಲೆ ಎತ್ತಿ ಕುಡಿದರು, ನಿಲ್ಲಿಸದೆ, ಗಂಟಲು ಗುಳುಗುಳು ಎನ್ನುವ ಹಾಗೆ.

ಅವರು ಇನ್ನೂ ಕೆಲವು ವರ್ಷ ಬಾಳಿದರು. ದೇವರಿಗೂ ನಲ್ಲಿ ನೀರೇ ಆಯಿತು. ಮೇಷ್ಟ್ರ ಬಾಟಲಿ ಮಾತ್ರ ತಿಂಗಳಿಗೊಮ್ಮೆ ಇಳಿಯುತ್ತಲೇ ಇತ್ತು. ಮಳೆಗಾಲದಲ್ಲಿ ಕೆಲವೊಮ್ಮೆ ‘ಇವತ್ತಿಗೆ ಇಲ್ಲ’. ಚಳಿಗಾಲ ಮುಗಿಯುವ ಹೊತ್ತಿಗೆ ಮತ್ತೆ ಇದೆ. ಯಾವಾಗಲೂ ಅವರ ಮಾತು ಅಷ್ಟೇ. ಅವರ ಹೆಂಡತಿ ಎದೆಯ ಕಾಯಿಲೆಯಿಂದ ಎದ್ದು ಬಂದಾಗ ನಾವು ಗುಣವಾಯಿತೇ ಎಂದು ಕೇಳಿದ್ದಕ್ಕೂ “ಇವತ್ತಿಗೆ ಇಲ್ಲ” ಎಂದಿದ್ದರು. ಆಕೆಗೆ ಸಿಟ್ಟು ಬಂದಿತ್ತು.

ನನಗೆ ಅವರು ಕನ್ನಡ ಓದಲು ಕಲಿಸಿದರು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಒಂದೊಂದು ಬಾಟಲಿಗೆ ಒಂದೊಂದು ಪದ ಹೇಳುತ್ತಿದ್ದರು: ಒಸರು, ಜಿನುಗು, ಊರು, ತೊಟ್ಟಿಕ್ಕು. ಅಪ್ಪ ಹೇಳುತ್ತಿದ್ದ ಪದಗಳು ಅವು ಎಂದು ಮನೆಗೆ ಹೋಗಿ ನೆನಪಾಗುತ್ತಿತ್ತು. ಸಿಸ್ಟರುಗಳು ತೊಳೆದದ್ದು ಮೇಲಿನದನ್ನು ಮಾತ್ರ.

ಕೊನೆಯ ಸಲ ನೋಡಿದ್ದು ಅವರು ರಿಟೈರಾಗಿ ಮೈಸೂರಿಗೆ ಹೊರಟ ದಿನ. ಅತ್ತೆ ಆಗ ಇರಲಿಲ್ಲ. ಟ್ಯಾಕ್ಸಿಯ ಮೇಲೆ ಟ್ರಂಕು ಕಟ್ಟುತ್ತಿದ್ದರು, ಅವರ ಹೆಂಡತಿ ಆಗಲೇ ಒಳಗೆ ಕೂತು ಕೈಗಡಿಯಾರ ನೋಡುತ್ತಿದ್ದರು. ಮೇಷ್ಟ್ರು ಹಿತ್ತಲಿಗೆ ಹೋದದ್ದನ್ನು ಕಂಡು ನಾನೂ ಇಳಿದು ಹೋದೆ. ಅವರು ಬಾಟಲಿಯನ್ನೂ ಎರಡು ದಾರಗಳನ್ನೂ ನನ್ನ ಕೈಗೆ ಕೊಟ್ಟರು.  ಇಳಿಸಿದೆ. ಎರಡನೆಯ ದಾರ ಜಗ್ಗಿದೆ. ಗುಳ್ಳೆಗಳು ಬಂದವು.

ಮೂಗಿಗೆ ಹಿಡಿದೆ. ಮೊದಲು ಏನೂ ಇಲ್ಲ ಎನಿಸಿತು. ಹೊರಡುವ ಮನುಷ್ಯನಿಗೆ ಇಲ್ಲ ಎಂದು ಹೇಳಿ ಕಳಿಸುವ ಆಸೆ ಎಷ್ಟಿತ್ತೆಂದರೆ ಬಾಯಿಯವರೆಗೆ ಬಂದಿತ್ತು. ಅವರು ಕಾಯುತ್ತಿದ್ದರು. ಅಂದು ಅವರು ಕಾಫಿ ಕುಡಿದಿದ್ದರು. ನನ್ನ ಹತ್ತಿರ ನಿಂತಾಗ ಅದರ ಪರಿಮಳ ಬಂತು. ಮೂಗಿನ ಮಡಿಯನ್ನು ನನಗೆ ಬಿಟ್ಟುಕೊಟ್ಟಿದ್ದರು. ನಾನು ಎರಡು ಹೆಜ್ಜೆ ದೂರ ಸರಿದು ಮತ್ತೆ ಮೂಸಿದೆ, ನಿಧಾನವಾಗಿ. ಬಹಳ ದೂರದಲ್ಲಿ, ಒಂದು ಎಳೆಯಷ್ಟು, ಹಣ್ಣಿನ ಸಿಹಿ.

“ಇಂಗಿದೆ, ಮೇಷ್ಟ್ರೇ,” ಎಂದೆ.

ಅವರು ಮುಖ ಮೇಲೆತ್ತಿ, ಬಾಯಿ ತುಂಬ, ಶಬ್ದ ಮಾಡಿ ನಕ್ಕರು. ಅಂದು ಬಾವಿಯಿಂದ ಮೇಲೆ ಬಂದಾಗ ನಗದೆ ಉಳಿಸಿಕೊಂಡಿದ್ದ ನಗು ಅದು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಆಮೇಲೆ ಪಂಚೆಯ ತುದಿಗೆ ಕೈ ಒರೆಸಿಕೊಂಡು, ಬಾಟಲಿಯನ್ನು ನನ್ನ ಕೈಯಲ್ಲೇ ಬಿಟ್ಟು, ಟ್ಯಾಕ್ಸಿಯ ಕಡೆ ನಡೆದರು.